ಹಾಸನದಲ್ಲಿ ಬಿಲ್ಲುಗಾರಿಕೆ ಕ್ಲಬ್: ಎಲ್ಲರೂ ಒಂದೇ ಗೆರೆ ಮೇಲೆ ನಿಲ್ಲೋ ಹಾಗೆ ಶುರು ಮಾಡೋದು ಹೇಗೆ?

ಸಾಲಗಾಮೆ_ರಸ್ತೆ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಒಂದು ಬಿಲ್ಲುಗಾರಿಕೆ ಕ್ಲಬ್ ಮಾಡಬೇಕು ಅಂತ ನಾವು ಕೆಲವರು ಓಡಾಡುತ್ತಿದ್ದೇವೆ. ಗುಂಪು ಹೀಗಿದೆ: ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ, ವ್ಹೀಲ್‌ಚೇರ್ ಬಳಸುತ್ತಾನೆ. ನಮ್ಮ ಬೀದಿಯ ಒಬ್ಬ ಹುಡುಗಿ, ಪಿಯುಸಿ, ಕಿವಿ ಕೇಳಿಸುವುದಿಲ್ಲ. ನಮ್ಮ ದೊಡ್ಡಮ್ಮ, ವಯಸ್ಸು 58, ಟಿವಿಯಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ (ಅಂಗವಿಕಲರ ಒಲಿಂಪಿಕ್ಸ್) ಪಂದ್ಯ ನೋಡಿದಾಗಿನಿಂದ ‘ನಂಗೂ ಒಂದು ಬಿಲ್ಲು ಕೊಡಿಸು’ ಅಂತ ಹಟ. ಉಳಿದವರು ನನ್ನಂಥವರು, ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ.

ಬಿಲ್ಲು ಮೊದಲಾ, ಜಾಗ ಮೊದಲಾ, ಕೋಚ್ ಮೊದಲಾ? ಅಂದಾಜು ಎಷ್ಟು ದುಡ್ಡು? ತಿಳಿದವರು ಹೇಳಿ. ‘ಬೆಂಗಳೂರಿಗೆ ಹೋಗಿ’ ಅಂತ ಮಾತ್ರ ಹೇಳಬೇಡಿ.

ಅರಸೀಕೆರೆ_ತೆಂಗು
ಜಾಗ ನಾನು ಕೊಡುತ್ತೇನೆ. ತೆಂಗಿನ ತೋಟ, ಎರಡು ಸಾಲಿನ ಮಧ್ಯೆ ನೇರವಾಗಿ ಎಷ್ಟು ದೂರ ಬೇಕಾದರೂ ಸಿಗುತ್ತೆ. ನೆರಳೂ ಇದೆ. ಎಳನೀರು ಫ್ರೀ.

ನಿವೃತ್ತ_ಪಿಟಿ_ಮೇಷ್ಟ್ರು
ತೋಟ ಬೇಡಪ್ಪ. ಕಾಯಿ ಹೆಕ್ಕೋಕೆ, ಗರಿ ಎಳೆಯೋಕೆ, ದನ ಅಟ್ಟಿಕೊಂಡು ಯಾರು ಯಾವಾಗ ಅಡ್ಡ ಬರುತ್ತಾರೋ ಹೇಳೋಕಾಗಲ್ಲ. ಗುರಿ ತಪ್ಪಿದ ಬಾಣ ಎಲ್ಲಿಗೆ ಹೋಗುತ್ತೆ ಅನ್ನೋದೇ ಜಾಗ ಹುಡುಕುವವರ ಮೊದಲ ಪ್ರಶ್ನೆ. ಬಾಣ ನಾಟೋ ಗುರಿ ಹಲಗೆ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಬೇಕು, ಇಲ್ಲಾ ಯಾರೂ ಕಾಲಿಡದ ಬಯಲು ಇರಬೇಕು. ಬಯಲಲ್ಲಾದರೆ ಉತ್ತರಕ್ಕೆ ಮುಖ ಮಾಡಿ ಬಾಣ ಬಿಡುವ ಹಾಗೆ ಗೆರೆ ಹಾಕಿ. ಪೂರ್ವ-ಪಶ್ಚಿಮಕ್ಕೆ ಹಾಕಿದರೆ ಬೆಳಿಗ್ಗೆಯೋ ಸಂಜೆಯೋ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ.

ಒಲಿಂಪಿಕ್ಸ್‌ನ 70 ಮೀಟರ್ ನೋಡಿ ಯಾರೂ ಹೆದರಬೇಡಿ. ಅಲ್ಲಿ ಹಲಗೆಗೆ ಅಂಟಿಸೋ ಗುರಿ ಹಾಳೆ 122 ಸೆಂ.ಮೀ. ಅಗಲ, ನಡುವಿನ ಹತ್ತು ಅಂಕದ ವೃತ್ತ 12.2 ಸೆಂ.ಮೀ. ನೀವು ಶುರು ಮಾಡೋದು ಐದು ಮೀಟರ್‌ನಿಂದ, ಹಾಳೆಯನ್ನೇ ಅಂಟಿಸದ ಖಾಲಿ ಹಲಗೆಗೆ. ಗುರಿ ಕಂಡರೆ ಹೊಸಬರ ಗಮನ ಎಲ್ಲ ಅಲ್ಲೇ ಹೋಗುತ್ತೆ, ಭುಜ-ಬೆನ್ನು ಏನು ಮಾಡುತ್ತಿದೆ ಅನ್ನೋದು ಮರೆತೇ ಹೋಗುತ್ತೆ. ಐದು ಮೀಟರ್‌ನಲ್ಲಿ ಕೈ ಕೂತ ಮೇಲೆ 10, ಆಮೇಲೆ 18. ಒಳಾಂಗಣ ಪಂದ್ಯಗಳು ನಡೆಯೋದೇ 18 ಮೀಟರ್‌ನಲ್ಲಿ, 40 ಸೆಂ.ಮೀ. ಹಾಳೆಗೆ.

ಸಕಲೇಶಪುರ_ಮಳೆ
ಒಳಾಂಗಣ ಅಂದ್ರಲ್ಲ ಮೇಷ್ಟ್ರೇ, ಅದೇ ಸರಿ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಒಬ್ಬ ಬಿಲ್ಲು ಹಿಡಿದರೆ ಅವನಿಗೆ ಕೊಡೆ ಹಿಡಿಯೋಕೆ ಇನ್ನೊಬ್ಬ ಬೇಕು.

ವಿದ್ಯಾನಗರ_ಪದ್ಮ
ಕಲ್ಯಾಣಮಂಟಪ ಕೇಳಿ! ಆಷಾಢದಲ್ಲಿ ಮದುವೆ ಇಲ್ಲ, ಹಾಲ್ ಖಾಲಿ ಬಿದ್ದಿರುತ್ತೆ, ಬಾಡಿಗೆ ಇಳಿಸಿ ಅಂತ ಕೇಳೋಕೂ ಬಾಯಿ ಬರುತ್ತೆ. ಮಳೆ ಜೋರಾಗಿರೋದೂ ಅದೇ ತಿಂಗಳು. 18 ಮೀಟರ್ ಅಂದರೆ ಸುಮಾರು 60 ಅಡಿ. ಮದುವೆ ಹಾಲ್‌ಗಿಂತ ಊಟದ ಹಾಲ್ ನೋಡಿ, ಅದು ಉದ್ದಕ್ಕಿರುತ್ತೆ, ಮಧ್ಯೆ ಕಂಬ ಕಡಿಮೆ, ಕೆಳಗೆ ಟೈಲ್ಸ್.

ಬಿಎಂ_ರೋಡ್
ಗೋಡೆಗೆ ತೂತು ಬಿದ್ದರೆ ಓನರ್ ಬಿಡ್ತಾನಾ?

ನಿವೃತ್ತ_ಪಿಟಿ_ಮೇಷ್ಟ್ರು
ಹಲಗೆಯಿಂದ ಒಂದೆರಡು ಮೀಟರ್ ಹಿಂದೆ ಬಲೆ ಕಟ್ಟಬೇಕು. ಬಾಣ ತಡೆಯೋಕೆ ಅಂತಲೇ ದಪ್ಪ ನೈಲಾನ್ ಬಲೆ ಬರುತ್ತೆ. ಬಿಗಿಯಾಗಿ ಎಳೆದು ಕಟ್ಟಿದರೆ ಬಾಣ ತೂರಿಕೊಂಡು ಹೋಗುತ್ತೆ, ಸಡಿಲವಾಗಿ ಇಳಿಬಿಡಬೇಕು. ಹೊಸಬರ ಹಗುರ ಬಿಲ್ಲಿಗೆ ಹಳೇ ಜಮಖಾನ ಎರಡು ಮಡಿಕೆ ಮಾಡಿ ತೂಗು ಹಾಕಿದರೂ ನಿಲ್ಲುತ್ತೆ. ಮಂಟಪದವರ ಜಮಖಾನ ಮುಟ್ಟಬೇಡಿ ಮತ್ತೆ.

ಗಾಲಿ_ಗೆಳೆಯ
ಆ ಬ್ಯಾಂಕ್ ಗೆಳೆಯ ನಾನೇ. ಪದ್ಮಕ್ಕ, ಐಡಿಯಾ ಚೆನ್ನಾಗಿದೆ. ಆದರೆ ಊಟದ ಹಾಲ್ ಬಹಳ ಕಡೆ ನೆಲಮಾಳಿಗೆಯಲ್ಲಿರುತ್ತೆ. ಲಿಫ್ಟ್ ಇದ್ದರೂ ಅಡುಗೆಯವರ ಪಾತ್ರೆ, ಗ್ಯಾಸ್ ಸಿಲಿಂಡರ್ ತುಂಬಿರುತ್ತೆ. ಮದುವೆಗೆ ಹೋದಾಗ ನನ್ನನ್ನು ನಾಲ್ಕು ಜನ ಎತ್ತಿಕೊಂಡು ಇಳಿಸಿದ್ದಾರೆ, ಊಟ ಆದ ಮೇಲೆ ಎತ್ತಿಕೊಂಡು ಹತ್ತಿಸಿದ್ದಾರೆ. ಮದುವೆಗೆ ಸರಿ, ವಾರಕ್ಕೆ ಮೂರು ದಿನ ಅದೇ ಆದರೆ ನಾನು ಬರಲ್ಲ.

ಹಿಂದೆ ಒಂದು ಜಿಮ್‌ಗೆ ದುಡ್ಡು ಕಟ್ಟಿದ್ದೆ. ಬಾಗಿಲಲ್ಲಿ ರ‍್ಯಾಂಪ್ ಇತ್ತು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಒಳಗೆ ಟಾಯ್ಲೆಟ್ ಬಾಗಿಲು ನನ್ನ ಕುರ್ಚಿಗಿಂತ ಸಣ್ಣದು. ನೀರು ಕುಡಿಯದೇ ವ್ಯಾಯಾಮ ಮಾಡಿ ಮನೆಗೆ ಬರುತ್ತಿದ್ದೆ. ಆಮೇಲೆ ಬಿಟ್ಟೆ. ಆದ್ದರಿಂದ ಜಾಗ ನೋಡೋಕೆ ಹೋಗುವವರು ಮೊದಲು ಟಾಯ್ಲೆಟ್ ನೋಡಿ. ಬಾಗಿಲಗಲ ಕನಿಷ್ಠ 32 ಇಂಚು, 36 ಇದ್ದರೆ ನೆಮ್ಮದಿ. ರ‍್ಯಾಂಪ್ ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಗೋಡೌನ್ ಮುಂದೆ ಮೂಟೆ ಇಳಿಸೋಕೆ ಹಾಕಿರೋ ಹಲಗೆ ರ‍್ಯಾಂಪ್ ಅಲ್ಲ.

ಬಿಎಂ_ರೋಡ್
ತಪ್ಪು ತಿಳಿಯಬೇಡಿ, ಒಂದು ಮಾತು. ಮೊದಲು ಮಾಮೂಲಿ ಕ್ಲಬ್ ಮಾಡಿ, ನಾಲ್ಕು ಜನ ಕಲಿಯಲಿ, ದುಡ್ಡು ಸೇರಲಿ. ಆಮೇಲೆ ಇವರಿಗೆ ಭಾನುವಾರ ಒಂದು ಸ್ಪೆಷಲ್ ಬ್ಯಾಚ್ ಮಾಡಬಹುದು. ಎಲ್ಲ ಒಟ್ಟಿಗೆ ಅಂತ ಹೊರಟರೆ ಯಾವುದೂ ಆಗಲ್ಲ.

ಗಾಲಿ_ಗೆಳೆಯ
ಆ ‘ಆಮೇಲೆ’ ಯಾವತ್ತೂ ಬರಲ್ಲ ಸಾರ್. ಮೆಟ್ಟಿಲಿರೋ ಜಾಗ ಹಿಡಿದು ವರ್ಷದ ಬಾಡಿಗೆ ಕಟ್ಟಿದ ಮೇಲೆ ಯಾರು ಒಡೆಸಿ ರ‍್ಯಾಂಪ್ ಹಾಕಿಸ್ತಾರೆ?

ಬೇಲೂರು_ಹುಡುಗಿ
ಬಿಎಂ ರೋಡ್ ಅಣ್ಣ, ಈ ಆಟದಲ್ಲಿ ಬೇರೆ ಬ್ಯಾಚ್ ಬೇಕಾಗೋದೇ ಇಲ್ಲ. ಓಡೋದಿಲ್ಲ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯೋದಿಲ್ಲ. ಗೆರೆ ಮೇಲೆ ಪಕ್ಕಪಕ್ಕ ನಿಂತೋ ಕೂತೋ ಬಾಣ ಬಿಡೋದು ಅಷ್ಟೇ. ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ವ್ಹೀಲ್‌ಚೇರ್‌ನಲ್ಲಿ ಕೂತೇ ಸ್ಪರ್ಧೆ ಮಾಡಿದರು. ಪ್ಯಾರಾಲಿಂಪಿಕ್ಸ್ ಅಲ್ಲ, ಒಲಿಂಪಿಕ್ಸ್. ಇರಾನಿನ ಜಹ್ರಾ ನೆಮತಿ 2016ರಲ್ಲಿ ರಿಯೋದಲ್ಲಿ ಎರಡರಲ್ಲೂ ಆಡಿದರು. ನಮ್ಮ ಶೀತಲ್ ದೇವಿ ಅಂತೂ ಎರಡೂ ತೋಳಿಲ್ಲದೆ ಪ್ಯಾರಿಸ್‌ನಲ್ಲಿ ಚಿನ್ನ ಹೊಡೆದರು.

ಅಂಕಿಅಂಶ_ಆನಂದ
ಪ್ಯಾರಿಸ್‌ನಲ್ಲಿ ಶೀತಲ್‌ಗೆ ಬಂದದ್ದು ಕಂಚು, ಅದೂ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ. ಚಿನ್ನ ಹರ್ವಿಂದರ್ ಸಿಂಗ್ ಅವರದು, ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ವೈಯಕ್ತಿಕ. ಟೋಕಿಯೋದಲ್ಲಿ ಭಾರತಕ್ಕೆ ಪ್ಯಾರಾ ಬಿಲ್ಲುಗಾರಿಕೆಯ ಮೊದಲ ಪದಕ ತಂದವರೂ ಅವರೇ. ಶೀತಲ್ ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ 720ಕ್ಕೆ 703 ತೆಗೆದಿದ್ದರು. ಚಿನ್ನ 2025ರ ವಿಶ್ವ ಪ್ಯಾರಾ ಚಾಂಪಿಯನ್‌ಷಿಪ್‌ನಲ್ಲಿ ಬಂತು. ಅದೇ ವರ್ಷ ಜೂನಿಯರ್ ಏಷ್ಯಾ ಕಪ್‌ಗೆ ಸಾಮಾನ್ಯ ವಿಭಾಗದ ಭಾರತ ತಂಡಕ್ಕೂ ಆಯ್ಕೆಯಾದರು. ನಿಮ್ಮ ವಾದಕ್ಕೆ ಅದೇ ಒಳ್ಳೆ ಉದಾಹರಣೆ.

ಬೇಲೂರು_ಹುಡುಗಿ
ಸರಿ ಆನಂದಣ್ಣ, ಕಂಚು. ವಾದ ಹಾಗೇ ಇದೆ ಅಲ್ವಾ.

ದೊಡ್ಡಮ್ಮ_58
ಮಗ ಫೋನಿನಲ್ಲಿ ಹಾಕಿಕೊಟ್ಟ, ಬರೆಯುತ್ತಿದ್ದೇನೆ. ಆ ಹುಡುಗಿ ಕಾಲಲ್ಲಿ ಬಿಲ್ಲು ಹಿಡಿದು, ಭುಜದಲ್ಲಿ ಹೆದೆ ಎಳೆದು, ದವಡೆಯಲ್ಲಿ ಬಿಡೋದನ್ನ ನಾನು ಕಣ್ಣಾರೆ ನೋಡಿದೆ. ನನಗೆ ಮಂಡಿ ನೋವು ಒಂದು ಬಿಟ್ಟರೆ ಎರಡು ಕೈ ಗಟ್ಟಿಯಾಗಿದೆ. 58ಕ್ಕೆ ಕಲಿಯಬಹುದೋ ಇಲ್ಲವೋ, ಅದೊಂದು ಹೇಳಿ.

ಅಂಕಿಅಂಶ_ಆನಂದ
ಕಲಿಯಬಹುದು ಅಮ್ಮ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಯ ಚಿನ್ನ ಗೆದ್ದ ಕ್ವೀನಿ ನ್ಯೂವಾಲ್‌ಗೆ ಆಗ 53 ವರ್ಷ. ಕಣ್ಣು ಮಂಜು ಅಂತಲೂ ಹೆದರಬೇಡಿ. ಕೊರಿಯಾದ ಇಮ್ ಡಾಂಗ್-ಹ್ಯುನ್‌ಗೆ ದೃಷ್ಟಿ ಬಹಳ ಕಡಿಮೆ, 2012ರ ಲಂಡನ್ ಅರ್ಹತಾ ಸುತ್ತಿನಲ್ಲಿ 699 ತೆಗೆದು ವಿಶ್ವದಾಖಲೆ ಮಾಡಿದ.

ನಿವೃತ್ತ_ಪಿಟಿ_ಮೇಷ್ಟ್ರು
ಅಮ್ಮಾವ್ರೇ, ಮಂಡಿ ನೋವಿದ್ದರೆ ಸ್ಟೂಲ್ ಮೇಲೆ ಕೂತು ಬಿಡಿ, ಬೇಕಾದಷ್ಟು ಜನ ಹಾಗೇ ಆಡುತ್ತಾರೆ. ಆದರೆ ಬಿಲ್ಲಿನ ಬಿಗಿ ಜಾಸ್ತಿ ತಗೋಬೇಡಿ. ದೊಡ್ಡವರಿಗೆ ಶುರುವಿಗೆ 16ರಿಂದ 20 ಪೌಂಡ್ ಸಾಕು, ಮಕ್ಕಳಿಗೆ ಇನ್ನೂ ಕಡಿಮೆ. ಗಂಡಸರೇ ಇಲ್ಲಿ ಜಾಸ್ತಿ ಕೆಡೋದು. ‘ನಂಗೆ 40 ಪೌಂಡ್ ಕೊಡಿ’ ಅಂತ ಶುರು ಮಾಡಿ, ಭುಜ ಹಿಡಿದುಕೊಂಡು ಆಯಿಂಟ್‌ಮೆಂಟ್ ಹಚ್ಚಿಕೊಂಡು ಮನೇಲಿ ಕೂರ್ತಾರೆ.

ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಇಲ್ಲಾ ಚೂಡಿದಾರ್ ಹಾಕಿ, ದುಪಟ್ಟಾ ಬೇಡ. ಬಿಲ್ಲು ಹಿಡಿಯೋ ಕೈಯ ಬಳೆ ತೆಗೆಯಬೇಕು. ಕತ್ತಿನ ಸರ ಒಳಗೆ ಹಾಕಬೇಕು. ಜಡೆ ಹಿಂದಕ್ಕೆ. ಹೆದೆ ವಾಪಸ್ ಬರುವಾಗ ಮುಂದೋಳಿನ ಒಳಭಾಗಕ್ಕೆ ಸವರಿಕೊಂಡು ಹೋಗುತ್ತೆ. ಅಲ್ಲಿ ಕಟ್ಟೋ ಆರ್ಮ್‌ಗಾರ್ಡ್ ಪಟ್ಟಿ ಇಲ್ಲದಿದ್ದರೆ ಅಲ್ಲಿ ನೀಲಿ ಬರೆ ಬೀಳುತ್ತೆ, ಒಂದು ವಾರ ಹೋಗಲ್ಲ. ಬೆರಳಿಗೆ ಚರ್ಮದ ಟ್ಯಾಬ್ ಬೇಕು. ಮೊಣಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಹಿಡಿದರೆ ಅರ್ಧ ಪೆಟ್ಟು ತಪ್ಪುತ್ತೆ.

ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ, ಯಾರೂ, ತಮಾಷೆಗೂ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್ ಬರುತ್ತೆ. ಬಿಲ್ಲು ಸೀಳಿ ಮುಖಕ್ಕೆ ಹಾರಬಹುದು. ನೋಡೋಕೆ ಬಂದ ನೆಂಟರು ಮೊದಲು ಮಾಡೋದು ಇದನ್ನೇ.

ಚಿಕ್ಕಮಗ್ಳೂರು_ಚಳಿ
ಬಲಗೈಯೋ ಎಡಗೈಯೋ ಅಂತ ಯಾರೂ ಹೇಳಲಿಲ್ಲ. ಬಿಲ್ಲು ತರೋ ಮುಂಚೆ ಕಣ್ಣು ನೋಡಿಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು-ತೋರುಬೆರಳು ಸೇರಿಸಿ ಸಣ್ಣ ಕಿಂಡಿ ಮಾಡಿ, ಅದರೊಳಗೆ ಗೋಡೆ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತೋ ಅದು ನಿಮ್ಮ ಮುಖ್ಯ ಕಣ್ಣು. ಬಲಗೈಯಲ್ಲಿ ಬರೆಯೋರಿಗೂ ಎಡಗಣ್ಣು ಮುಖ್ಯ ಇರಬಹುದು. ಆಮೇಲೆ ಬಿಲ್ಲು ಬದಲಾಯಿಸೋದು ದುಬಾರಿ.

ಪಿಯುಸಿ_ಬಿಲ್ಲು
‘ನಮ್ಮ ಬೀದಿಯ ಒಬ್ಬ ಹುಡುಗಿ’ ನಾನು. ಅಣ್ಣ, ನನ್ನನ್ನೂ ಒಂದು ಮಾತು ಕೇಳಿ ಹಾಕಬಹುದಿತ್ತು 😄

ನನ್ನ ಪ್ರಶ್ನೆ: ಪಂದ್ಯದ ವಿಡಿಯೋದಲ್ಲಿ ಎಲ್ಲ ಸೀಟಿ ಮೇಲೆ ನಡೆಯುತ್ತೆ ಅಂತ ಓದಿದೆ. ನನಗೆ ಸೀಟಿ ಕೇಳಿಸಲ್ಲ. ಎಲ್ಲರೂ ಬಾಣ ಕೀಳೋಕೆ ಹೋದಾಗ ನಾನೊಬ್ಬಳು ಬಿಲ್ಲು ಎಳೆದು ನಿಂತಿದ್ದರೆ?

ನಿವೃತ್ತ_ಪಿಟಿ_ಮೇಷ್ಟ್ರು
ಮಗಳೇ, ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಪ್ರಶ್ನೆ. ಸೀಟಿ ನಿಯಮ ಹೀಗೆ: ಎರಡು ಸಲ ಊದಿದರೆ ಗೆರೆಗೆ ಬನ್ನಿ, ಒಂದು ಸಲ ಊದಿದರೆ ಬಾಣ ಬಿಡಿ, ಮೂರು ಸಲ ಊದಿದರೆ ಹೋಗಿ ಬಾಣ ಕಿತ್ತು ತನ್ನಿ. ಐದು ಅಥವಾ ಅದಕ್ಕಿಂತ ಜಾಸ್ತಿ ಸಲ ಊದಿದರೆ ಅಪಾಯ, ಎಳೆದ ಹೆದೆ ನಿಧಾನ ಇಳಿಸಿ ಬಾಣ ತೆಗೆದಿಡಿ. ದೊಡ್ಡ ಪಂದ್ಯಗಳಲ್ಲಿ ಇದರ ಜೊತೆ ಕೆಂಪು-ಹಳದಿ-ಹಸಿರು ದೀಪವೂ ಇರುತ್ತೆ. ನಿಮ್ಮ ಕ್ಲಬ್‌ನಲ್ಲಿ ಹಲಗೆ ಪಕ್ಕ, ಬಿಡೋರಿಗೆ ನೇರ ಕಾಣೋ ಕಡೆ, ಕೆಂಪು-ಹಸಿರು ಬಲ್ಬ್ ಹಾಕಿ. ಕರೆಂಟ್ ಹೋದರೆ ಬಾವುಟ.

ಪಿಯುಸಿ_ಬಿಲ್ಲು
ನನಗೆ ಮಾತ್ರ ಬಾವುಟ, ಉಳಿದವರಿಗೆ ಸೀಟಿ ಅಂತ ಮಾಡಬೇಡಿ ಸಾರ್. ಬಾವುಟದವರು ಒಂದು ದಿನ ಮರೆತರೆ ಮುಗೀತು. ಎಲ್ಲರೂ ಬಲ್ಬ್ ನೋಡಿಯೇ ಬಿಡೋ ಹಾಗೆ ಇರಲಿ.

ಗಾಲಿ_ಗೆಳೆಯ
ಇದನ್ನು ನಿಯಮದಲ್ಲೇ ಬರೆಯೋಣ. ಬಲ್ಬ್ ಕೆಂಪಾಗದೆ ಯಾರೂ ಹಲಗೆ ಕಡೆ ಹೆಜ್ಜೆ ಇಡೋ ಹಾಗಿಲ್ಲ.

ನನ್ನದೂ ಒಂದು ಪ್ರಶ್ನೆ. ಕುರ್ಚಿಯಲ್ಲಿ ಕೂತು ಬಿಟ್ಟರೆ ಉದ್ದ ಬಿಲ್ಲಿನ ಕೆಳತುದಿ ಚಕ್ರಕ್ಕೆ ಬಡಿಯಲ್ವಾ?

ಚಿಕ್ಕಮಗ್ಳೂರು_ಚಳಿ
ಬಡಿಯುತ್ತೆ. ಕುರ್ಚಿಯನ್ನು ಗೆರೆಗೆ ಓರೆಯಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ಅಡ್ಡ ಬರೋ ಕೈಯಾಸರೆ ಬಿಚ್ಚೋಕಾದರೆ ಬಿಚ್ಚಿ. ಎಷ್ಟು ಓರೆ ಅನ್ನೋದನ್ನ ಬಿಲ್ಲು ಎಳೆದು ನೋಡಿಯೇ ಗೊತ್ತು ಮಾಡ್ಕೋಬೇಕು, ಸಿಕ್ಕಿದ ಮೇಲೆ ನೆಲದ ಮೇಲೆ ಚಕ್ರದ ಜಾಗಕ್ಕೆ ಟೇಪ್ ಅಂಟಿಸಿಬಿಡಿ. ಸೊಂಟದ ಮೇಲೆ ಹಿಡಿತ ಕಡಿಮೆ ಇದ್ದರೆ ಎದೆಗೆ ಪಟ್ಟಿ ಕಟ್ಟಿಕೊಳ್ಳಬಹುದು. ತುದಿಗಳಲ್ಲಿ ರಾಟೆ ಇರೋ ಕಾಂಪೌಂಡ್ ಬಿಲ್ಲು ಗಿಡ್ಡ, ಪೂರ್ತಿ ಎಳೆದ ಮೇಲೆ ಭಾರವೂ ಬಹಳ ಇಳಿಯುತ್ತೆ, ಕೂತು ಬಿಡೋರಿಗೆ ಆರಾಮ. ಬೆಲೆ ಆರಾಮಿಲ್ಲ.

ಇನ್ನೊಂದು: ಪ್ಯಾರಾ ಪಂದ್ಯಗಳಲ್ಲಿ ವ್ಹೀಲ್‌ಚೇರಿನವರು ಪ್ರತಿ ಸುತ್ತಿಗೂ ಗೆರೆ ಬಿಟ್ಟು ಹಿಂದೆ ಹೋಗಬೇಕಿಲ್ಲ, ಅಲ್ಲೇ ಇರಬಹುದು. ಅವರ ಪರವಾಗಿ ಇನ್ನೊಬ್ಬರು ಹೋಗಿ ಅಂಕ ಬರೆದು ಬಾಣ ಕಿತ್ತು ತರುತ್ತಾರೆ.

ಗಾಲಿ_ಗೆಳೆಯ
ನೆಲ ಸಮ ಇದ್ದರೆ ನನ್ನ ಬಾಣ ನಾನೇ ಕಿತ್ತು ತರ್ತೀನಿ. ಹುಲ್ಲು, ಮರಳು ಇದ್ದರೆ ಮಾತ್ರ ಕಷ್ಟ.

ಮೂಡಿಗೆರೆ_ಕಣ
ಸಮ ನೆಲ ಅಂದ್ರಲ್ಲ, ಕಾಫಿ ಒಣಗಿಸೋ ಕಣ ಯಾರಿಗೂ ನೆನಪಾಗಲಿಲ್ವಾ? ಸಿಮೆಂಟ್ ನೆಲ, ಚಕ್ರ ಸಲೀಸು, ಉದ್ದಕ್ಕೂ ಜಾಗ. ಕೊಯ್ಲಿನ ಸಮಯ ಬಿಟ್ಟರೆ ಖಾಲಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಕ್ರಿಕೆಟ್ ಆಡೋದೇ ಅಲ್ಲಿ. ಚಿಕ್ಕಮಗಳೂರು ಕಡೆಯವರೂ ಸೇರೋದಾದರೆ ನಮ್ಮ ಕಣ ಕೊಡುತ್ತೇನೆ. ಹಿಂದೆ ಬರೆ ಕಡಿದ ಮಣ್ಣಿನ ಗೋಡೆ ಇದೆ, ಮೇಷ್ಟ್ರು ಕೇಳಿದ ದಿಬ್ಬ ಅದೇ ಆಯ್ತು.

ಬಿಎಂ_ರೋಡ್
ಹಾಸನದಿಂದ ಮೂಡಿಗೆರೆಗೆ ವಾರಕ್ಕೆ ಮೂರು ದಿನ ಯಾರು ಹೋಗ್ತಾರೆ ಸ್ವಾಮಿ?

ಮೂಡಿಗೆರೆ_ಕಣ
ನೀವು ಬರೋದು ಬೇಡ.

ಸಕಲೇಶಪುರ_ಮಳೆ
😂😂

ಕಡೂರು_ಕೇಶವ
ಕಣ್ಣು ಕಾಣದವರ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮ ತಮ್ಮನಿಗೆ ಪೂರ್ತಿ ಕಾಣಿಸಲ್ಲ. ‘ಎಲ್ಲರೂ’ ಅಂದರೆ ಅವನೂ ಸೇರಿದನಾ, ಅಥವಾ ಪೋಸ್ಟರ್‌ಗೆ ಮಾತ್ರನಾ?

ಬೇಲೂರು_ಹುಡುಗಿ
ಸೇರಿದರು ಕೇಶವಣ್ಣ. ಅವರಿಗೆ ಮುಟ್ಟಿ ತಿಳಿಯೋ ಗುರಿಸಾಧನ ಇದೆ. ಒಂದು ಸ್ಟ್ಯಾಂಡ್ ನಿಲ್ಲಿಸುತ್ತಾರೆ, ಬಿಲ್ಲು ಹಿಡಿದ ಕೈಯ ಹಿಂಭಾಗಕ್ಕೆ ಅದರ ಸಣ್ಣ ಮೊಳೆ ತಾಕುತ್ತೆ. ಪಾದ ಪ್ರತಿ ಸಲ ಅದೇ ಜಾಗದಲ್ಲಿ ಇರಲಿ ಅಂತ ಕೆಳಗೆ ಪಟ್ಟಿ. ಕೈಗೆ ತಾಕಿದ್ದು ಸರಿ ಅನ್ನಿಸಿದಾಗ ಬಿಡೋದು. ಪಂದ್ಯದಲ್ಲಿ 30 ಮೀಟರ್‌ನಿಂದ ಬಿಡುತ್ತಾರೆ. ಹಿಂದೆ ಒಬ್ಬರು ನಿಂತು ಬಾಣ ಎಲ್ಲಿ ಬಿತ್ತು ಅಂತ ಗಡಿಯಾರದ ಲೆಕ್ಕದಲ್ಲಿ ಹೇಳ್ತಾರೆ: ‘ಏಳು ಅಂಕ, ನಾಲ್ಕು ಗಂಟೆ ದಿಕ್ಕಿಗೆ’. ಆಗ ಮೊಳೆಯನ್ನು ಒಂಚೂರು ಸರಿಸಿಕೊಳ್ಳೋದು. ಕ್ಯಾಮೆರಾ ಸ್ಟ್ಯಾಂಡ್ ಇದ್ದರೆ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು.

ಕಡೂರು_ಕೇಶವ
ಹಾಗಾದರೆ ಹಿಂದೆ ನಿಲ್ಲೋ ಕೆಲಸ ನನ್ನದು. ಅವನ ಹೆಸರು ಬರೆದುಕೊಳ್ಳಿ.

ಹಳೇಬೀಡು_ಕಲ್ಲು
ಎಲ್ಲರನ್ನೂ ಸೇರಿಸ್ತೀರಿ, ಏಕಲವ್ಯನಿಗೆ ಜಾಗ ಇದೆಯಾ? ಹೆಬ್ಬೆರಳಿಲ್ಲ ಪಾಪ.

ಚಿಕ್ಕಮಗ್ಳೂರು_ಚಳಿ
ಆರಾಮಾಗಿ ಇದೆ. ಈಗ ಒಲಿಂಪಿಕ್ಸ್‌ನಲ್ಲಿ ಎಳೆಯೋದು ಮೂರು ಬೆರಳಲ್ಲಿ. ಬಾಣದ ಮೇಲೆ ಒಂದು, ಕೆಳಗೆ ಎರಡು. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಹೆಬ್ಬೆರಳಲ್ಲಿ ಎಳೆಯೋದು ಮಂಗೋಲಿಯಾ ಕಡೆಯ ಪದ್ಧತಿ. ಇದು ಗೊತ್ತಿದ್ದಿದ್ದರೆ ದ್ರೋಣರು ಬೇರೆ ಏನೋ ಕೇಳುತ್ತಿದ್ದರು.

ಹಳೇಬೀಡು_ಕಲ್ಲು
ನಮ್ಮ ಹೊಯ್ಸಳೇಶ್ವರ ಗುಡಿ ಗೋಡೆ ತುಂಬ ಬಿಲ್ಲುಗಾರರೇ. ಶರಶಯ್ಯೆಯ ಭೀಷ್ಮನೂ ಇದ್ದಾನೆ. ಕ್ಲಬ್ ಉದ್ಘಾಟನೆ ಅಲ್ಲೇ ಇಟ್ಟುಕೊಳ್ಳಿ.

ಬೇಲೂರು_ಹುಡುಗಿ
ಬೇಲೂರಲ್ಲಿ ಬೇಟೆಗೆ ಹೊರಟ ಮದನಿಕೆ ಇದ್ದಾಳೆ, ಕೈಯಲ್ಲಿ ಬಿಲ್ಲು. ಉದ್ಘಾಟನೆ ನಮ್ಮಲ್ಲಿ.

ನಿರ್ವಾಹಕ
ಬೇಲೂರು-ಹಳೇಬೀಡು ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಕ್ಲಬ್ ಮಾತ್ರ.

ಸಾಲಗಾಮೆ_ರಸ್ತೆ
ದುಡ್ಡಿನ ಮಾತು ಯಾರೂ ಆಡ್ತಿಲ್ಲವಲ್ಲ?

ನಿವೃತ್ತ_ಪಿಟಿ_ಮೇಷ್ಟ್ರು
ಒಲಿಂಪಿಕ್ ಮಟ್ಟದ ಪೂರ್ತಿ ಸೆಟ್ ಲಕ್ಷ ದಾಟುತ್ತೆ, ಅದನ್ನು ಮರೆತುಬಿಡಿ. ಬಿಚ್ಚಿ ಜೋಡಿಸೋ ಮರದ ರಿಕರ್ವ್ ಒಂದೆರಡು ತಗೊಂಡರೆ ಹಿಡಿಕೆ ಅದೇ ಇಟ್ಟುಕೊಂಡು ರೆಕ್ಕೆ (ಮೇಲೆ-ಕೆಳಗೆ ಬಗ್ಗೋ ಭಾಗ) ಮಾತ್ರ ಬದಲಾಯಿಸಬಹುದು. ಅದೇ ಹಿಡಿಕೆಯಲ್ಲಿ ಅಮ್ಮಾವ್ರೂ ಆಡಬಹುದು, ಗಾಲಿ ಗೆಳೆಯನೂ ಆಡಬಹುದು. ಎಡಗೈಯವರಿಗೆ ಒಂದು ಬೇರೆ ಬೇಕು. ಇಲ್ಲಾ ಬಿದಿರಿನ ಬಿಲ್ಲು. ನಮ್ಮ ದೇಶದ ಪಂದ್ಯಗಳಲ್ಲಿ ಅದಕ್ಕೇ ಇಂಡಿಯನ್ ರೌಂಡ್ ಅಂತ ಬೇರೆ ವಿಭಾಗ ಇದೆ, ಅದರಲ್ಲಿ ಶುರು ಮಾಡಿ ಮೇಲೆ ಹೋದವರು ಬೇಕಾದಷ್ಟಿದ್ದಾರೆ.

ಬಾಣ ಶುರುವಿಗೆ ಉದ್ದ ಇರಲಿ. ಗಿಡ್ಡ ಬಾಣವನ್ನು ಜಾಸ್ತಿ ಎಳೆದುಬಿಟ್ಟರೆ ತುದಿ ಒಳಗೆ ಬಂದು ಕೈಗೆ ಚುಚ್ಚುತ್ತೆ. ಕಾರ್ಬನ್ ಬಾಣವನ್ನು ಪ್ರತಿ ಸಲ ಸ್ವಲ್ಪ ಬಗ್ಗಿಸಿ ಕಿವಿ ಹತ್ತಿರ ಹಿಡಿಯಿರಿ, ಬಿರುಕಿದ್ದರೆ ಚಟಚಟ ಅನ್ನುತ್ತೆ. ಅಂಥದ್ದು ಕಸಕ್ಕೆ. ಮಗಳೇ, ನಿನ್ನ ಬಾಣ ಪಕ್ಕದವರ ಹತ್ತಿರ ನೋಡಿಸು.

ಬಿಲ್ಲು ಬರೋವರೆಗೂ ಹಳೇ ಸೈಕಲ್ ಟ್ಯೂಬ್ ಎಳೆಯಿರಿ. ಗದ್ದಕ್ಕೆ ತಂದು ಹಿಡಿದು ನಿಲ್ಲಿಸೋದನ್ನ ಕಲಿಯಿರಿ.

ಮೂಡಿಗೆರೆ_ಕಣ
ಹಲಗೆಗೆ ನಮ್ಮ ಹಳೇ ಗೋಣಿಚೀಲ ಕೊಡ್ತೀನಿ. ಒಳಗೆ ಹಳೇ ಬಟ್ಟೆ, ಪ್ಲಾಸ್ಟಿಕ್ ಕವರ್ ಒತ್ತೊತ್ತಾಗಿ ತುಂಬಿದರೆ ಹಗುರ ಬಿಲ್ಲಿನ ಬಾಣ ನಿಲ್ಲುತ್ತೆ.

ಸಕಲೇಶಪುರ_ಮಳೆ
ಭತ್ತದ ಹುಲ್ಲಿನ ಹಗ್ಗ ಸುತ್ತಿ ಮಾಡಿದ ಹಲಗೆ ಇನ್ನೂ ಚೆನ್ನಾಗಿರುತ್ತೆ. ಮಳೆಗಾಲದಲ್ಲಿ ಮಾತ್ರ ಬೂಸ್ಟು ಹಿಡಿದು ಅಣಬೆ ಏಳುತ್ತೆ.

ಅಂಕಿಅಂಶ_ಆನಂದ
ನೋಂದಣಿ ಬಗ್ಗೆ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಪ್ರತಿ ವರ್ಷ ಲೆಕ್ಕಪತ್ರ ಕೊಡಬೇಕು, ಬಹಳ ಸಂಘ ಸಾಯೋದು ಅಲ್ಲೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಸರ್ಕಾರಿ ಜಾಗ ಕೇಳೋ ಅರ್ಜಿಯಲ್ಲಿ ಅದನ್ನು ನಮೂದಿಸಿ. ಠಾಣೆಗೂ ಒಂದು ಪತ್ರ ಕೊಟ್ಟಿಡಿ, ಊರಲ್ಲಿ ಬಾಣ ಹಿಡಿದು ಓಡಾಡೋದು ನೋಡಿದವರು ಫೋನ್ ಮಾಡ್ತಾರೆ.

ಬಿಎಂ_ರೋಡ್
ಏಳು ಜನಕ್ಕೆ ಒಬ್ಬರು ಕಡಿಮೆ ಇದ್ದರೆ ನನ್ನ ಹೆಸರು ಹಾಕಿ. ಬಲ್ಬ್ ವಿಷಯ ಒಪ್ಪಿದೆ. ಬೇರೆ ಬ್ಯಾಚ್ ವಿಷಯ ಇನ್ನೂ ಪೂರ್ತಿ ಒಪ್ಪಿಲ್ಲ.

ಗಾಲಿ_ಗೆಳೆಯ
ಬನ್ನಿ ಸಾರ್, ಪಕ್ಕದಲ್ಲೇ ನಿಂತು ವಾದ ಮಾಡಿ.

ವಿದ್ಯಾನಗರ_ಪದ್ಮ
ನಮ್ಮ ಹತ್ತಿರದ ಮಂಟಪದವರನ್ನು ಕೇಳಿದೆ. ಊಟದ ಹಾಲ್ ಕೆಳಗಲ್ಲ, ರಸ್ತೆ ಮಟ್ಟದಲ್ಲೇ ಇದೆ. ಆಷಾಢ ಪೂರ್ತಿ ಸಂಜೆ ಕೊಡ್ತಾರಂತೆ. ಆದರೆ ಹಾಸನಾಂಬೆ ಬಾಗಿಲು ತೆರೆಯೋ ದಿನಗಳಲ್ಲಿ ಇಲ್ಲ, ಆಗ ಭಕ್ತರಿಗೆ ಕೊಡ್ತಾರೆ. ಮಧ್ಯೆ ಒಂದು ಕಂಬ ಇದೆ.

ನಿವೃತ್ತ_ಪಿಟಿ_ಮೇಷ್ಟ್ರು
ಕಂಬ ಗೆರೆ ಹಿಂದೆ ಬಂದರೆ ತೊಂದರೆ ಇಲ್ಲ, ಮುಂದೆ ಬಂದರೆ ಬೇಡ. ಹಲಗೆ ಪಕ್ಕ ಬಾಗಿಲಿದ್ದರೆ ಬೀಗ ಹಾಕೋಕೆ ಆಗಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬರ್ತೀನಿ.

ಗಾಲಿ_ಗೆಳೆಯ
ಟಾಯ್ಲೆಟ್?

ವಿದ್ಯಾನಗರ_ಪದ್ಮ
ಬಾಗಿಲು ಅಳೆದಿಲ್ಲ. ನೋಡೋಕೆ ಸಣ್ಣದೇ ಅನ್ನಿಸ್ತು.

ಸಾಲಗಾಮೆ_ರಸ್ತೆ
ಭಾನುವಾರ ಟೇಪ್ ನಾನು ತರ್ತೀನಿ. ಸಣ್ಣದಿದ್ದರೆ ಚೌಕಟ್ಟು ಬದಲಾಯಿಸೋಕೆ ಬಿಡ್ತಾರಾ ಅಂತ ಓನರ್ ಹತ್ತಿರ ಅಲ್ಲೇ ಕೇಳೋಣ. ಖರ್ಚು ನಾವೇ ಹಾಕೋಣ. ಒಪ್ಪದಿದ್ದರೆ ಬೇರೆ ಮಂಟಪ. ಅಡ್ವಾನ್ಸ್ ಅಂತೂ ಅಳೆಯೋವರೆಗೆ ಕೊಡಲ್ಲ.

ದೊಡ್ಡಮ್ಮ_58
ನಾನೂ ಬರ್ತೀನಿ. ಸೈಕಲ್ ಟ್ಯೂಬ್ ಎಲ್ಲಿ ಸಿಗುತ್ತೆ?